ತೆರೆದಿಟ್ಟ ಲೆಕ್ಕ: ಗಡಿನಾಡಿನ ‘ಇಮ್ಮರ್ಶನ್’ ಪ್ರವಾಸಗಳ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕಥೋಲಿಕ ಹಾಗೂ ಪ್ರೊಟೆಸ್ಟೆಂಟ್ ಧರ್ಮಸಭೆಗಳಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ರೂಢಿ ಬೆಳೆದು ಬಂದಿದೆ. ಒಂದು ಧರ್ಮಕೇಂದ್ರದಿಂದಲೋ ಕಾಲೇಜಿನಿಂದಲೋ ಗುರುಮಠದಿಂದಲೋ ಹತ್ತು ಹದಿನೈದು ಮಂದಿ ಹೊರಟು, ಮೆಕ್ಸಿಕೊ ಗಡಿಯ ಒಂದು ಸಮುದಾಯದ ನಡುವೆ ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ ಕಳೆಯುತ್ತಾರೆ. ವಲಸಿಗರಿಗೆ ಊಟ ಬಡಿಸುತ್ತಾರೆ. ಅವರ ಮಾತಿಗೆ ಕಿವಿಗೊಡುತ್ತಾರೆ. ಗಡಿಗೋಡೆಯ ಬಳಿ ಪ್ರಾರ್ಥಿಸುತ್ತಾರೆ. ಮರುಭೂಮಿಯ ಕಾಲುದಾರಿಗಳಲ್ಲಿ ಸ್ವಲ್ಪ ದೂರ ನಡೆಯುತ್ತಾರೆ. ಸಂಜೆ ಒಟ್ಟಿಗೆ ಕುಳಿತು ದಿನದ ಅನುಭವವನ್ನು ಹಂಚಿಕೊಳ್ಳುತ್ತಾರೆ. ಇದಕ್ಕೆ ಅವರು ಇಟ್ಟಿರುವ ಹೆಸರು ‘ಇಮ್ಮರ್ಶನ್’ ಪ್ರವಾಸ. ಮುಳುಗುವಿಕೆ ಎಂಬುದು ಆ ಶಬ್ದದ ಅರ್ಥ. ಮರಳಿದ ಮೇಲೆ ಗುಂಪಿನಲ್ಲೊಬ್ಬರು ತಮ್ಮ ಧರ್ಮಕೇಂದ್ರದ ಪತ್ರಿಕೆಗೆ ಅನುಭವಕಥನವನ್ನು ಬರೆಯುತ್ತಾರೆ.

ಈ ರೂಢಿ ನಮಗೆ ದೂರದ್ದೇನಲ್ಲ. ಕರ್ನಾಟಕದ ಧರ್ಮಪ್ರಾಂತ್ಯಗಳಿಂದ ಹೋದ ಗುರುಗಳು ಅಮೆರಿಕದ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಇಂತಹ ಗುಂಪುಗಳಿಗೆ ಆಧ್ಯಾತ್ಮಿಕ ಮಾರ್ಗದರ್ಶನ ನೀಡುವ ಹೊಣೆ ಅವರಿಗೂ ಬರಬಹುದು. ನಮ್ಮ ಗುರುಮಠಗಳಲ್ಲಿಯೂ ‘ಎಕ್ಸ್‌ಪೋಷರ್’ ಎಂಬ ಹೆಸರಿನಲ್ಲಿ ಇದೇ ಕುಲದ ಕಾರ್ಯಕ್ರಮಗಳಿವೆ. ಅವುಗಳ ವರದಿಗಳನ್ನು ಓದಿ ಅಂಕ ನೀಡುವುದು ನನ್ನಂತಹ ಬೋಧಕರ ಕೆಲಸ. ಆದಕಾರಣ ಈ ಪ್ರವಾಸಗಳನ್ನು ದೈವಶಾಸ್ತ್ರದ ಒರೆಗಲ್ಲಿಗೆ ಹಚ್ಚುವುದು ಪರರ ಮನೆಯ ವಿಚಾರಣೆಯಾಗದು. ಕೇಳಬೇಕಾದ ಪ್ರಶ್ನೆ ಇಷ್ಟೇ: ಗಡಿಯಲ್ಲಿ ನಾಲ್ಕು ದಿನ ಇದ್ದು ಬಂದ ಕ್ರೈಸ್ತನು ಆ ನಾಲ್ಕು ದಿನಗಳ ನಂತರ ಯಾರಿಗೆ ಉತ್ತರದಾಯಿ?

ನೊಗಾಲೆಸ್ ಎಂಬ ಎರಡು ಊರುಗಳು

ಒಂದು ನಿರ್ದಿಷ್ಟ ಸ್ಥಳವನ್ನು ಮುಂದಿಟ್ಟುಕೊಳ್ಳದೆ ಇಂತಹ ವಿಮರ್ಶೆ ಗಾಳಿಯ ಮಾತಾಗುತ್ತದೆ. ಅರಿಜೋನ ರಾಜ್ಯದ ದಕ್ಷಿಣ ಅಂಚಿನಲ್ಲಿ ನೊಗಾಲೆಸ್ ಎಂಬ ಊರಿದೆ. ಗೋಡೆಯ ಆಚೆ, ಮೆಕ್ಸಿಕೊದ ಸೊನೋರ ರಾಜ್ಯದಲ್ಲಿ, ಅದೇ ಹೆಸರಿನ ಇನ್ನೊಂದು ಊರಿದೆ. ಇತ್ತ ಸುಮಾರು 20,000 ಜನ, ಅತ್ತ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಸ್ಥಳೀಯರು ಎರಡನ್ನೂ ಸೇರಿಸಿ ‘ಅಂಬೋಸ್ ನೊಗಾಲೆಸ್’, ಅಂದರೆ ಎರಡೂ ನೊಗಾಲೆಸ್, ಎಂದು ಕರೆಯುತ್ತಾರೆ. ಇವುಗಳ ನಡುವೆ ಹಾದುಹೋಗುವ ಗೆರೆ 1853ರ ಭೂಖರೀದಿ ಒಪ್ಪಂದದ ಫಲ. ಅದೇ ಗೆರೆ ಟೊಹೊನೊ ಓಒಧಾಮ್ ಆದಿವಾಸಿಗಳ ನಾಡನ್ನೂ ಇಬ್ಭಾಗ ಮಾಡಿತು. ಆ ಜನರು ಯಾವ ಗಡಿಯನ್ನೂ ದಾಟಿ ಬಂದವರಲ್ಲ. ಗಡಿಯೇ ಅವರ ಮೇಲೆ ಹಾದುಹೋಯಿತು.

1990ರ ದಶಕದ ನಡುಭಾಗದಲ್ಲಿ ಇಲ್ಲಿ ಎದ್ದ ಗೋಡೆಯನ್ನು ಸೇನೆಯ ಹಳೆಯ ಉಕ್ಕಿನ ಹಾಸುಗಳಿಂದ ಕಟ್ಟಲಾಗಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿಮಾನ, ಹೆಲಿಕಾಪ್ಟರುಗಳು ಇಳಿಯಲೆಂದು ನೆಲಕ್ಕೆ ಹಾಸುತ್ತಿದ್ದ ಹಾಸುಗಳವು. 2011ರಲ್ಲಿ ಅದರ ಜಾಗದಲ್ಲಿ ಎತ್ತರದ ಉಕ್ಕಿನ ಕಂಬಗಳ ಸಾಲು ಬಂದಿತು. ಕಂಬಗಳ ನಡುವಿನ ಸಂದಿನಲ್ಲಿ ಒಂದು ಕೈ ತೂರುತ್ತದೆ, ದೇಹ ತೂರುವುದಿಲ್ಲ.

ಈ ಗೋಡೆಯ ಹಿಂದೆ 1994ರ ಎರಡು ನಿರ್ಧಾರಗಳಿವೆ. ಆ ವರ್ಷದ ಜನವರಿ 1ರಂದು ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. ಸರ್ಕಾರದ ಸಹಾಯಧನ ಪಡೆದ ಅಮೆರಿಕದ ಮೆಕ್ಕೆಜೋಳ ಮೆಕ್ಸಿಕೊದ ಮಾರುಕಟ್ಟೆಗೆ ನುಗ್ಗಿ, ಅಲ್ಲಿನ ಸಣ್ಣ ಹಿಡುವಳಿದಾರರನ್ನು ಸಂಕಟಕ್ಕೆ ದೂಡಿತು. ಅದೇ ವರ್ಷ ಅಮೆರಿಕದ ಗಡಿ ಕಾವಲು ಪಡೆ ಹೊಸ ಕಾರ್ಯನೀತಿಯನ್ನು ರೂಪಿಸಿತು. ನಗರಗಳ ಬಳಿಯ ದಾರಿಗಳನ್ನು ಮುಚ್ಚಿದರೆ ಉಳಿಯುವುದು ಬೆಟ್ಟ ಮತ್ತು ಮರುಭೂಮಿ. ಅವುಗಳ ಭೀಕರತೆಯೇ ಜನರನ್ನು ತಡೆಯುತ್ತದೆ ಎಂಬುದು ಅದರ ತರ್ಕ. ಜನ ಬರುವುದು ನಿಲ್ಲಲಿಲ್ಲ. ಸೊನೋರದ ಮರುಭೂಮಿಯಲ್ಲಿ ಬಾಯಾರಿಕೆಯಿಂದಲೂ ಬಿಸಿಲಿನ ಆಘಾತದಿಂದಲೂ ಸಾಯುವುದು ಹೆಚ್ಚಾಯಿತು. ಮರುಭೂಮಿಯ ಸಾವುಗಳು ಪ್ರಕೃತಿಯ ಕೈವಾಡವೆಂದು ಅನುಭವಕಥನಗಳಲ್ಲಿ ಬರೆದಾಗ ಈ ಹಿನ್ನೆಲೆ ಮರೆಯಾಗುತ್ತದೆ.

ಇದೇ ಊರಿನಲ್ಲಿ 2009ರಲ್ಲಿ ‘ಕಿನೊ ಬಾರ್ಡರ್ ಇನಿಶಿಯೇಟಿವ್’ ಎಂಬ ಸೇವಾಸಂಸ್ಥೆ ಆರಂಭವಾಯಿತು. ಈ ಸೀಮೆಯಲ್ಲಿ ಶುಭಸಂದೇಶ ಸಾರಿದ ಯೇಸುಸಭೆಯ ಗುರು ಯೂಸೆಬಿಯೊ ಕಿನೊ ಅವರ ಹೆಸರನ್ನು ಅದು ಹೊತ್ತಿದೆ. ಎರಡೂ ದೇಶಗಳ ಯೇಸುಸಭೆಯ ಪ್ರಾಂತ್ಯಗಳು, ಯೇಸುಸಭೆಯ ನಿರಾಶ್ರಿತರ ಸೇವಾಸಂಸ್ಥೆ, ಪರಮಪ್ರಸಾದದ ಮಿಷನರಿ ಭಗಿನಿಯರು, ಟೂಸಾನ್ ಮತ್ತು ಎರ್ಮೊಸಿಯೊ ಧರ್ಮಪ್ರಾಂತ್ಯಗಳು ಸೇರಿ ಅದನ್ನು ಕಟ್ಟಿದವು. ಗಡೀಪಾರಾಗಿ ಬಂದವರಿಗೆ ಅನ್ನ, ಬಟ್ಟೆ, ಪ್ರಥಮ ಚಿಕಿತ್ಸೆ ನೀಡುವುದು ಅದರ ಒಂದು ಕೆಲಸ. ಹೊರಗಿನಿಂದ ಬರುವ ಗುಂಪುಗಳನ್ನು ಬರಮಾಡಿಕೊಳ್ಳುವುದು ಇನ್ನೊಂದು. ಮನುಷ್ಯರನ್ನು ಮನುಷ್ಯರೆಂದು ಕಾಣಿಸುವುದು, ಅವರ ಜೊತೆ ನಡೆಯುವುದು, ವಿಷಯವನ್ನು ಜಟಿಲಗೊಳಿಸುವುದು ಎಂಬ ಮೂರು ಕ್ರಿಯಾಪದಗಳಲ್ಲಿ ಅದು ತನ್ನ ಮಾರ್ಗವನ್ನು ಹೇಳಿಕೊಳ್ಳುತ್ತದೆ. ಮೂರನೆಯದನ್ನು ವಾಚಕರು ಗಮನಿಸಬೇಕು. ಬಂದವರಿಗೆ ಸುಲಭದ ಸಮಾಧಾನ ಕೊಟ್ಟು ಕಳುಹಿಸುವ ಇಚ್ಛೆ ಆತಿಥೇಯರಿಗಿಲ್ಲ. ತೊಡಕನ್ನು ಅವರು ಉಡುಗೊರೆಯಾಗಿ ಕೊಟ್ಟರೂ ಅನೇಕ ಅತಿಥಿಗಳು ಅದನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಮೂರು ವಾಕ್ಯಗಳು

ಅನುಭವಕಥನಗಳಲ್ಲಿ ಮೂರು ವಾಕ್ಯಗಳು ಬೇರೆಬೇರೆ ರೂಪದಲ್ಲಿ ಮರಳಿ ಬರುತ್ತವೆ. ಮೊದಲನೆಯದು: ‘ಅವರ ಬಳಿ ಏನೂ ಇಲ್ಲದಿದ್ದರೂ ಎಷ್ಟು ಸಂತೋಷದಿಂದಿದ್ದಾರೆ!’ ಹೀಗೆ ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಪರಿಚಯವಿಲ್ಲದ ಅತಿಥಿಯ ಮುಂದೆ ಹಸನ್ಮುಖದಿಂದಿರುವುದು ಅನೇಕ ಸಂಸ್ಕೃತಿಗಳಲ್ಲಿ ಮರ್ಯಾದೆ. ಅದನ್ನು ಬಡತನದ ಫಲವೆಂದು ಓದುವುದು ತಪ್ಪು. ಹಾಗೆ ಓದಿದಾಗ ನ್ಯಾಯದ ಪ್ರಶ್ನೆಯೇ ಬಿದ್ದುಹೋಗುತ್ತದೆ. ಏನೂ ಇಲ್ಲದೆಯೂ ಸುಖಿಯಾಗಿರುವವನಿಗೆ ಏನನ್ನಾದರೂ ಮರಳಿಸುವ ಅಗತ್ಯ ಯಾರಿಗೂ ತೋರದು.

ಎರಡನೆಯದು: ‘ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು.’ ಇದರಲ್ಲಿ ವಿನಯವಿದೆ, ನಿಜವೂ ಇದೆ. ಆದರೆ ಪಡೆದದ್ದು ಹೆಚ್ಚಾದರೆ ಪಡೆದವನು ಸಾಲಗಾರ. ಸಾಲವನ್ನು ಒಪ್ಪಿಕೊಂಡ ವಾಕ್ಯವೇ ಸಾಲ ತೀರಿದ ರಸೀತಿಯಂತೆ ಬಳಕೆಯಾಗುವುದು ವಿಚಿತ್ರ. ಕೃತಜ್ಞತೆಯನ್ನು ಹೇಳಿಕೊಂಡ ಮರುಗಳಿಗೆಯಲ್ಲಿ ಲೇಖನ ಮುಗಿಯುತ್ತದೆ.

ಮೂರನೆಯದು ನಮ್ಮ ವಿಶ್ವಾಸಕ್ಕೆ ಹತ್ತಿರವಾದುದು, ಹಾಗಾಗಿ ಹೆಚ್ಚು ಎಚ್ಚರ ಬೇಡುವುದು: ‘ವಲಸಿಗರ ಮುಖದಲ್ಲಿ ನಾನು ಕ್ರಿಸ್ತನನ್ನು ಕಂಡೆ.’ ಇದಕ್ಕೆ ಆಧಾರ ಸಂತ ಮತ್ತಾಯನ ಶುಭಸಂದೇಶದ ಅಂತಿಮ ತೀರ್ಪಿನ ದೃಶ್ಯ (ಮತ್ತಾಯ 25:31–46). ಆದರೆ ಆ ದೃಶ್ಯವನ್ನು ನಿಧಾನವಾಗಿ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ನೀತಿವಂತರು ಕ್ರಿಸ್ತನನ್ನು ಕಂಡೆವೆಂದು ಹೇಳಿಕೊಳ್ಳುವುದೇ ಇಲ್ಲ. ಅರಸನು ತಿಳಿಸಿದಾಗ ಅವರು ಬೆರಗಾಗುತ್ತಾರೆ. ನಿಮ್ಮನ್ನು ಯಾವಾಗ ಕಂಡೆವು ಎಂದು ಮರುಪ್ರಶ್ನೆ ಹಾಕುತ್ತಾರೆ. ಅವರು ಕಂಡದ್ದು ಹಸಿದ ಮನುಷ್ಯನನ್ನು, ಬಟ್ಟೆಯಿಲ್ಲದವನನ್ನು, ಸೆರೆಯಲ್ಲಿದ್ದವನನ್ನು. ಅವನ ಹಸಿವು ಅವರಿಗೆ ಸಾಕಾಗಿತ್ತು. ಕ್ರಿಸ್ತನ ಗುಟ್ಟನ್ನು ಬಿಚ್ಚುವ ಅಧಿಕಾರ ತೀರ್ಪುಗಾರನದು. ನಾವು ಆ ಗುಟ್ಟನ್ನು ಮೊದಲೇ ಕೈಗೆತ್ತಿಕೊಂಡು ಹೊರಟರೆ, ಎದುರಿಗಿರುವ ಮನುಷ್ಯ ನಮ್ಮ ದರ್ಶನಕ್ಕೆ ಬಳಕೆಯಾದ ಕನ್ನಡಿಯಾಗುತ್ತಾನೆ. ಅವನ ಹೆಸರು, ಅವನು ಬಿಟ್ಟು ಬಂದ ಹೊಲ, ಅವನ ಸಿಟ್ಟು, ಅವನ ತಪ್ಪುಗಳು, ಅವನ ರಾಜಕೀಯ ಅಭಿಪ್ರಾಯ ಯಾವುದೂ ಕಥನದಲ್ಲಿ ಉಳಿಯುವುದಿಲ್ಲ. ಕ್ರಿಸ್ತನ ಮುಖವನ್ನು ಕಾಣುವ ಆತುರದಲ್ಲಿ ಅವನ ಮುಖವೇ ಅಳಿಸಿಹೋಗುತ್ತದೆ.

ಇಲಿಚರ ಆಕ್ಷೇಪ ಮತ್ತು ಅದರ ಮಿತಿ

ಈ ಬಗೆಯ ಪ್ರವಾಸಗಳನ್ನು ಅತ್ಯಂತ ಕಟುವಾಗಿ ಖಂಡಿಸಿದವರು ಇವಾನ್ ಇಲಿಚ್. 1968ರ ಏಪ್ರಿಲ್‌ನಲ್ಲಿ, ಇನ್ನೂ ಗುರುಪಟ್ಟದ ಸೇವೆಯಲ್ಲಿದ್ದಾಗಲೇ, ಬೇಸಿಗೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆಂದು ಬರುತ್ತಿದ್ದ ಅಮೆರಿಕದ ಸ್ವಯಂಸೇವಕರನ್ನು ಉದ್ದೇಶಿಸಿ ಅವರು ಕ್ವೆರ್ನವಾಕ ನಗರದಲ್ಲಿ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಅವರ ವಾದದ ಸಾರ ಹೀಗಿದೆ: ನಿಮ್ಮ ಸದುದ್ದೇಶ ಇಲ್ಲಿಯವರಿಗೆ ಉಪಯೋಗವಿಲ್ಲ, ಭಾಷೆ ಬಾರದ ನೀವು ಇಲ್ಲಿ ನಿಮ್ಮ ಜೀವನಶೈಲಿಯ ಮಾರಾಟಗಾರರಾಗುತ್ತೀರಿ, ನೋಡಲು ಬನ್ನಿ, ಕಲಿಯಲು ಬನ್ನಿ, ಆದರೆ ಸಹಾಯ ಮಾಡಲೆಂದು ಬರಬೇಡಿ.

ಈ ಆಕ್ಷೇಪಕ್ಕೆ ಇಂದಿಗೂ ಮೊನಚಿದೆ. ಅದರ ಬಿಸಿ ತಗುಲಿದ್ದರಿಂದಲೇ ಅನೇಕ ಸಂಘಟಕರು ‘ಸೇವಾ ಪ್ರವಾಸ’ ಎಂಬ ಹೆಸರನ್ನು ಬಿಟ್ಟು, ಕಲಿಕೆಯನ್ನು ಮುಂದೆ ಮಾಡಿ ‘ಇಮ್ಮರ್ಶನ್’ ಎಂಬ ಹೆಸರನ್ನು ಹಿಡಿದರೆನ್ನಬಹುದು. ಆದರೆ ನೋಡುವುದಕ್ಕಾಗಿ ಬರುವುದೂ ನಿರಪಾಯಕರವಲ್ಲ. 2008ರ ನಂತರ ಕೆಲವು ವರ್ಷಗಳ ಕಾಲ ಟೂಸಾನ್ ನಗರದ ಫೆಡರಲ್ ನ್ಯಾಯಾಲಯದಲ್ಲಿ, ಗಡಿ ದಾಟಿ ಸಿಕ್ಕಿಬಿದ್ದ 70 ಮಂದಿಯವರೆಗೆ ಒಂದೇ ಮಧ್ಯಾಹ್ನ ಕೈಕಾಲುಗಳಿಗೆ ಸರಪಳಿ ತೊಡಿಸಿ ತಂದು ತಪ್ಪೊಪ್ಪಿಗೆ ಪಡೆಯಲಾಗುತ್ತಿತ್ತು. ಅನೇಕ ಪ್ರವಾಸಿ ಗುಂಪುಗಳ ದಿನಚರಿಯಲ್ಲಿ ಆ ಕಲಾಪದ ವೀಕ್ಷಣೆಯೂ ಇತ್ತು. ಹಿಂದಿನ ಬೆಂಚಿನಲ್ಲಿ ಕುಳಿತ ಕ್ರೈಸ್ತ ಗುಂಪು ಅಲ್ಲಿ ಸಾಕ್ಷಿಯೋ ಪ್ರೇಕ್ಷಕನೋ? ಕುಳಿತ ಕ್ಷಣದಲ್ಲಿ ಇದಕ್ಕೆ ಉತ್ತರವಿಲ್ಲ. ಕಂಡದ್ದನ್ನು ಬೆಲೆ ತೆರುವ ಸ್ಥಳದಲ್ಲಿ ಮುಂದೆಂದಾದರೂ ನುಡಿದಾಗ ಪ್ರೇಕ್ಷಕ ಸಾಕ್ಷಿಯಾಗುತ್ತಾನೆ.

ಇಲಿಚರ ವಾದಕ್ಕೆ ಒಂದು ಮಿತಿಯಿದೆ. ಬರಬೇಡಿ ಎಂಬುದನ್ನು ಅಕ್ಷರಶಃ ಪಾಲಿಸಿದರೆ ಗಡಿ ಇನ್ನಷ್ಟು ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಅಮೆರಿಕದವರು ತಿನ್ನುವ ಮೆಕ್ಸಿಕೊದ ಟೊಮೆಟೊ, ಸೌತೆ, ಮೆಣಸಿನಕಾಯಿಗಳ ದೊಡ್ಡ ಪಾಲು ನೊಗಾಲೆಸ್ ಮೂಲಕವೇ ಲಾರಿಗಳಲ್ಲಿ ದಾಟಿ ಬರುತ್ತದೆ. ತರಕಾರಿಗೆ ತೆರೆದ ಬಾಗಿಲು ಅದನ್ನು ಬೆಳೆದವನಿಗೆ ಮುಚ್ಚಿದೆ. ಊಟದ ತಟ್ಟೆಯ ಮೂಲಕ ಈಗಾಗಲೇ ಸಂಬಂಧದಲ್ಲಿರುವವರು ಮುಖಾಮುಖಿಯಾಗದಿರುವುದು ಶುದ್ಧತೆಯೆನಿಸದು. ಹೋಗಬೇಕೋ ಬೇಡವೋ ಎಂಬುದನ್ನು ಬಿಟ್ಟು, ಹೋಗಿ ಬಂದವನ ಋಣ ಎಂತಹುದು ಎಂದು ನಾವು ಕೇಳಬೇಕು.

ಮುಳುಗಿ ಎದ್ದವನು

‘ಇಮ್ಮರ್ಶನ್’ ಶಬ್ದ ಕ್ರೈಸ್ತ ಕಿವಿಗೆ ದೀಕ್ಷಾಸ್ನಾನವನ್ನು ನೆನಪಿಸುತ್ತದೆ. ಸಂಘಟಕರು ಆ ಅರ್ಥವನ್ನು ಉದ್ದೇಶಿಸಿರಲಿ ಇಲ್ಲದಿರಲಿ, ಧರ್ಮಸಭೆ ಆ ಶಬ್ದವನ್ನು ಬಳಸಿದಾಗ ಅದರ ಭಾರವನ್ನೂ ಹೊರಬೇಕಾಗುತ್ತದೆ. ಪ್ರೇಷಿತ ಪೌಲನ ಪ್ರಕಾರ ನೀರಿನಲ್ಲಿ ಮುಳುಗುವುದು ಕ್ರಿಸ್ತನ ಮರಣದಲ್ಲಿ ಪಾಲುಗೊಳ್ಳುವುದು. ಎದ್ದು ಬರುವವನು ಹೊಸ ಜೀವನಕ್ಕೆ ಸೇರಿದವನು (ರೋಮನರಿಗೆ 6:3–4). ನೀರಿನಲ್ಲಿ ಇರುವುದು ಕೆಲವೇ ಕ್ಷಣ. ಆ ಕ್ಷಣದ ಅವಧಿಯಿಂದ ಯಾರೂ ದೀಕ್ಷಾಸ್ನಾನವನ್ನು ಅಳೆಯುವುದಿಲ್ಲ. ಆ ಗಳಿಗೆಯಲ್ಲಿ ಹುಟ್ಟಿದ ಭಾವನೆಯಿಂದಲೂ ಅಳೆಯುವುದಿಲ್ಲ. ಒಂದು ದೇಹಕ್ಕೆ ಅಂಗವಾಗಿ ಸೇರಿಸಲ್ಪಟ್ಟುದರಿಂದ, ಆ ದೇಹದ ನೋವು ಇನ್ನು ಮುಂದೆ ತನ್ನದೂ ಆಗಿರುವುದರಿಂದ ಅಳೆಯುತ್ತೇವೆ (1 ಕೊರಿಂಥಿಯರಿಗೆ 12:13, 26). ಹೀಗಿರುವಾಗ ‘ಬರಿಯ ನಾಲ್ಕು ದಿನ’ ಎಂಬ ಟೀಕೆ ಈ ಪ್ರವಾಸಗಳ ಮರ್ಮಕ್ಕೆ ತಾಗುವುದಿಲ್ಲ. ನಾಲ್ಕು ದಿನ ಮುಳುಗಿದವನು ಎದ್ದ ಮೇಲೆ ಯಾವ ದೇಹಕ್ಕೆ ಸೇರಿದ್ದಾನೆ ಎಂಬುದೇ ಮರ್ಮ.

2014ರ ಏಪ್ರಿಲ್ 1ರಂದು ಬೋಸ್ಟನ್ನಿನ ಕಾರ್ಡಿನಲ್ ಶಾನ್ ಓಮ್ಯಾಲಿ ಹಾಗೂ ಇತರ ಧರ್ಮಾಧ್ಯಕ್ಷರು ನೊಗಾಲೆಸ್‌ನ ಗೋಡೆಯ ಬುಡದಲ್ಲಿ, ಮರುಭೂಮಿಯಲ್ಲಿ ಸತ್ತವರಿಗಾಗಿ ಬಲಿಪೂಜೆ ಅರ್ಪಿಸಿದರು. ಆಚೆ ನಿಂತವರು ಕಂಬಗಳ ಸಂದಿನಿಂದ ಕೈಚಾಚಿದರು. ಆ ಕೈಗಳಲ್ಲಿ ಪರಮಪ್ರಸಾದವನ್ನು ಇಡಲಾಯಿತು. ಪೂಜೆಯನ್ನು ರಾಜಕೀಯಕ್ಕೆ ಬಳಸಿದರೆಂದು ಕೆಲವರು ಆಕ್ಷೇಪಿಸಿದರು. ನನಗೆ ತೋರುವಂತೆ ಆ ಪೂಜೆ ಹೊಸದೇನನ್ನೂ ಸೇರಿಸಲಿಲ್ಲ. ಪ್ರತಿ ಭಾನುವಾರ ಎರಡೂ ನೊಗಾಲೆಸ್‌ಗಳ ದೇವಾಲಯಗಳಲ್ಲಿ ಮರೆಯಾಗಿ ನಡೆಯುವುದನ್ನು ಬಯಲಿಗೆ ತಂದಿತು. ಒಂದೇ ದೇಹವನ್ನು ಸ್ವೀಕರಿಸುವವರ ನಡುವೆ ಒಂದು ಗೋಡೆಯಿದೆ, ಅದನ್ನು ಸ್ವೀಕರಿಸುವವರಲ್ಲಿಯೇ ಕೆಲವರ ತೆರಿಗೆ ಹಣದಿಂದ ಅದು ಎದ್ದಿದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಇಲ್ಲದವರಿಗೆ ಕಾಯದೆ ಉಂಡಾಗ, ದೇಹವನ್ನು ಅರಿಯದೆ ಉಣ್ಣುವುದು ತೀರ್ಪಿಗೆ ಗುರಿಯಾಗುವುದೆಂದು ಪೌಲನು ಎಚ್ಚರಿಸಿದನು (1 ಕೊರಿಂಥಿಯರಿಗೆ 11:20–29). ಗೋಡೆಯ ಬಳಿಯ ಪೂಜೆಯಲ್ಲಿ ಭಾಗವಹಿಸಿ ಕಣ್ಣೀರಿಟ್ಟು ಮರಳಿದವನಿಗೆ ಈ ಎಚ್ಚರಿಕೆ ಅವನ ಊರಿನ ದೇವಾಲಯದಲ್ಲಿಯೂ ಅನ್ವಯಿಸುತ್ತದೆ.

ಛತ್ರದವನ ಲೆಕ್ಕ

ಇಂತಹ ಪ್ರವಾಸಗಳಿಗೆ ಹೊರಡುವ ಮುನ್ನ ಸಾಮಾನ್ಯವಾಗಿ ಓದುವ ಪಾಠ ಸದಯ ಸಮಾರಿಯದವನ ಸಾಮತಿ (ಲೂಕ 10:25–37). ಅದರ ಬಳಕೆಯಲ್ಲಿ ಒಂದು ಲೋಪವಿದೆ. ಗುಂಪು ತನ್ನನ್ನು ಸಮಾರಿಯದವನೆಂದು ಭಾವಿಸಿ, ಗಾಯಕ್ಕೆ ಎಣ್ಣೆ ಹಚ್ಚುವ ದೃಶ್ಯದಲ್ಲಿಯೇ ನಿಂತುಬಿಡುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಸಮಾರಿಯದವನೂ ಪ್ರಯಾಣಿಕ. ಅವನು ಆ ಹಾದಿಯಲ್ಲಿ ನೆಲೆಸಲಿಲ್ಲ. ಮರುದಿನ ತನ್ನ ದಾರಿ ಹಿಡಿದನು. ಅಲ್ಪಕಾಲ ಇದ್ದು ಹೋದದ್ದಕ್ಕಾಗಿ ಪ್ರಭು ಅವನನ್ನು ಆಕ್ಷೇಪಿಸಲಿಲ್ಲ. ಆದರೆ ಹೊರಡುವ ಮುನ್ನ ಅವನು ಎರಡು ನಾಣ್ಯಗಳನ್ನು ಛತ್ರದವನ ಕೈಗಿತ್ತು, ಇನ್ನೂ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟನು. ಎಷ್ಟು ಖರ್ಚಾದೀತೆಂದು ಅವನಿಗೆ ತಿಳಿದಿರಲಿಲ್ಲ. ಮೊತ್ತ ಬರೆಯದ ಲೆಕ್ಕವೊಂದನ್ನು ಅವನು ತೆರೆದಿಟ್ಟು ಹೋದನು. ನೆರೆಯವನಾಗುವುದೆಂದರೆ ಕರುಣೆಯ ಕ್ಷಣವೂ ಹೌದು, ಆ ಕ್ಷಣದಿಂದ ಹುಟ್ಟಿದ ಲೆಕ್ಕವನ್ನು ಮುಚ್ಚದೆ ಇರುವುದೂ ಹೌದು.

ಇಲ್ಲಿ ಛತ್ರದವನನ್ನೂ ಕಾಣಬೇಕು. ರೋಗಿಯ ರಾತ್ರಿಗಳನ್ನು ಕಾದವನು ಅವನು. ನೊಗಾಲೆಸ್‌ನಲ್ಲಿ ಅವನ ಸ್ಥಾನದಲ್ಲಿ ಭಗಿನಿಯರು, ಅಡುಗೆಯವರು, ಸ್ಥಳೀಯ ಸ್ವಯಂಸೇವಕರು ಇದ್ದಾರೆ. ಗುಂಪುಗಳು ಬಂದು ಹೋದ ಮೇಲೆಯೂ ಮರುದಿನದ ಒಲೆ ಹಚ್ಚುವವರು ಅವರು. ಅನುಭವಕಥನಗಳಲ್ಲಿ ಬಂದವನೂ ಇದ್ದಾನೆ, ಗಾಯಗೊಂಡವನೂ ಇದ್ದಾನೆ, ಛತ್ರದವನು ಕಾಣುವುದಿಲ್ಲ. ಅವನು ಕಾಣೆಯಾದರೆ ಲೆಕ್ಕ ಇಡುವವನೇ ಇಲ್ಲ.

ಸಾಮತಿಗೂ ಗಡಿಗೂ ಒಂದು ವ್ಯತ್ಯಾಸವಿದೆ. ಅದು ಬಂದವನ ಋಣವನ್ನು ಹೆಚ್ಚಿಸುತ್ತದೆ. ಸಾಮತಿಯ ಕಳ್ಳರಿಗೂ ಸಮಾರಿಯದವನಿಗೂ ಸಂಬಂಧವಿಲ್ಲ. ಗಡಿಗೆ ಬರುವ ಅಮೆರಿಕದ ಪ್ರಜೆಯಾದರೋ ಆ ದಾರಿಯನ್ನು ಅಪಾಯಕಾರಿಯಾಗಿ ಮಾಡಿದ ನೀತಿಗೆ ಮತ ಕೊಟ್ಟವನು, ಅಥವಾ ಮತದಿಂದ ಅದನ್ನು ಬದಲಿಸಬಲ್ಲವನು. ಹೀಗಾಗಿ ಅವನ ಲೆಕ್ಕದಲ್ಲಿ ದಯೆಯ ಜೊತೆಗೆ ನ್ಯಾಯದ ಬಾಬ್ತೂ ಸೇರುತ್ತದೆ.

ಲೆಕ್ಕ ತೆರೆದಿಡುವುದು ಹೇಗಿರುತ್ತದೆ ಎಂಬುದಕ್ಕೆ ಇದೇ ಸೀಮೆಯಲ್ಲಿ ಒಂದು ನಿದರ್ಶನವಿದೆ. 1980ರ ಬೇಸಿಗೆಯಲ್ಲಿ ಎಲ್ ಸಾಲ್ವಡಾರಿನಿಂದ ಪಲಾಯನ ಮಾಡಿದ ಗುಂಪೊಂದು ಅರಿಜೋನದ ಮರುಭೂಮಿಯಲ್ಲಿ ಸಿಲುಕಿ, 13 ಮಂದಿ ಸತ್ತರು. ಬದುಕುಳಿದವರನ್ನು ಟೂಸಾನಿನ ಕ್ರೈಸ್ತರು ಉಪಚರಿಸಿದರು. ಉಪಚಾರ ಮುಗಿದ ಮೇಲೆ ಕೆಲವರಿಗೆ ಪ್ರಶ್ನೆಗಳು ಉಳಿದವು: ಇವರು ಓಡಿಬಂದದ್ದೇಕೆ? ಇವರನ್ನು ಮರಳಿ ಅಲ್ಲಿಗೇ ಕಳುಹಿಸುವುದೇಕೆ? 1982ರ ಮಾರ್ಚ್ 24ರಂದು, ಮಹಾಧರ್ಮಾಧ್ಯಕ್ಷ ರೊಮೇರೊ ಅವರ ಹತ್ಯೆಯ ಎರಡನೇ ವಾರ್ಷಿಕದಂದು, ಸಭಾಪಾಲಕ ಜಾನ್ ಫೈಫ್ ಅವರ ನೇತೃತ್ವದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ದೇವಾಲಯವು ತನ್ನನ್ನು ಆಶ್ರಯಸ್ಥಾನವೆಂದು ಬಹಿರಂಗವಾಗಿ ಸಾರಿತು. ಮುಂದೆ ನೂರಾರು ಸಭೆಗಳು ಆ ಚಳವಳಿಯನ್ನು ಸೇರಿದವು. 1986ರಲ್ಲಿ ಫೈಫ್ ಸೇರಿದಂತೆ ಎಂಟು ಮಂದಿಯನ್ನು ನ್ಯಾಯಾಲಯ ಅಪರಾಧಿಗಳೆಂದು ತೀರ್ಮಾನಿಸಿತು. ಅವರು ನಡೆದ ಹಾದಿಯನ್ನು ಎಲ್ಲರೂ ಒಪ್ಪಬೇಕಿಲ್ಲ. ಕಾನೂನಿಗೆ ಕ್ರೈಸ್ತನು ಎಷ್ಟು ವಿಧೇಯನಾಗಿರಬೇಕೆಂಬ ಚರ್ಚೆ ಇಲ್ಲಿ ತೆರೆದೇ ಇದೆ. ಆದರೆ ಎರಡು ನಾಣ್ಯಕ್ಕೆ ಮೀರಿದ ಖರ್ಚು ಬಂದಾಗ ಅವರು ಅದನ್ನು ತೆತ್ತರು ಎಂಬುದರಲ್ಲಿ ಸಂದೇಹವಿಲ್ಲ.

ಎಲ್ಲರಿಂದಲೂ ಇಷ್ಟನ್ನು ನಿರೀಕ್ಷಿಸಲಾಗದು. ಮೆಕ್ಸಿಕೊ ಮತ್ತು ಅಮೆರಿಕದ ಧರ್ಮಾಧ್ಯಕ್ಷರು 2003ರಲ್ಲಿ ಜಂಟಿಯಾಗಿ ಹೊರಡಿಸಿದ ಪಾಲನಾ ಪತ್ರ ನಡುವಣ ದಾರಿಯನ್ನು ತೋರಿಸುತ್ತದೆ. ತನ್ನ ನಾಡಿನಲ್ಲಿಯೇ ಬದುಕಲು ಬೇಕಾದ ಅವಕಾಶ ಪ್ರತಿಯೊಬ್ಬನ ಹಕ್ಕು. ಅದು ಸಿಗದಾಗ ವಲಸೆ ಹೋಗುವುದೂ ಹಕ್ಕು. ಗಡಿಯನ್ನು ನಿಯಂತ್ರಿಸುವುದು ರಾಷ್ಟ್ರಗಳ ಹಕ್ಕು. ಆಶ್ರಯ ಬೇಡುವವರಿಗೆ ರಕ್ಷಣೆ ಸಲ್ಲಬೇಕು. ದಾಖಲೆಗಳಿಲ್ಲದವನ ಮಾನವ ಘನತೆಯನ್ನೂ ಗೌರವಿಸಬೇಕು. ಪರಸ್ಪರ ಎಳೆದಾಡುವ ಈ ಐದು ತತ್ತ್ವಗಳನ್ನು ಒಟ್ಟಿಗೆ ಹಿಡಿದು ತನ್ನ ಧರ್ಮಕೇಂದ್ರದಲ್ಲಿ, ತನ್ನ ಮತಕ್ಷೇತ್ರದಲ್ಲಿ, ತನಗೆ ತರಕಾರಿ ಮಾರುವ ಅಂಗಡಿಯಲ್ಲಿ ಮಾತನಾಡುವುದು ಗಡಿಯಿಂದ ಮರಳಿದವನ ನಿಜವಾದ ಕೆಲಸ. ಅದು ಊಟ ಬಡಿಸುವುದಕ್ಕಿಂತ ಕಷ್ಟದ್ದು, ಅದರ ಛಾಯಾಚಿತ್ರ ತೆಗೆಯಲಾಗದು.

ನಮ್ಮ ಗುರುಮಠಗಳಿಗೆ

ಮೇಲೆ ಹೇಳಿದ ಮೂರು ವಾಕ್ಯಗಳು ನಮ್ಮ ವಿದ್ಯಾರ್ಥಿಗಳ ವರದಿಗಳಲ್ಲಿಯೂ ಬರುತ್ತವೆ. ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ವಾಸಿಸುವವರ ನಡುವೆ, ಅಸ್ಸಾಮ್, ಜಾರ್ಖಂಡ್‌ಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಬಂದವರ ನಡುವೆ ಕೆಲವು ದಿನ ಇದ್ದು ಬಂದ ಬ್ರದರ್‌ಗಳು ಹೃದಯ ಕರಗುವಂತೆ ಬರೆಯುತ್ತಾರೆ. ಆ ಕಟ್ಟಡಗಳಲ್ಲಿ ಕೆಲವು ನಮ್ಮವೇ ಸಂಸ್ಥೆಗಳ ಕಟ್ಟಡಗಳು. ಆ ಕಾಫಿಯನ್ನು ಕುಡಿಯುವವರು ನಾವೂ ಹೌದು. ಆ ಮಾತು ವರದಿಗಳಲ್ಲಿ ಅಪರೂಪ.

ಹೃದಯ ಕರಗಬಾರದೆಂದು ನಾನು ಹೇಳುತ್ತಿಲ್ಲ. ಕರಗದ ಹೃದಯದಿಂದ ಯಾಜಕನೂ ಲೇವಿಯನೂ ಹಾದುಹೋದರು. ಆದರೆ ಮರಳಿದ ವಾರದಲ್ಲಿಯೇ ವರದಿ ಬರೆಸಿ ಅಂಕ ಕೊಡುವ ನಮ್ಮ ಪದ್ಧತಿ, ಲೆಕ್ಕವನ್ನು ಬೇಗ ಮುಚ್ಚುವುದನ್ನೇ ಕಲಿಸುತ್ತದೆ. ಅದರ ಬದಲು ಒಂದು ವರ್ಷದ ನಂತರ ಒಂದೇ ಪುಟ ಬರೆಸಬಹುದು. ಅದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿರಲಿ: ಅಲ್ಲಿ ನಿನಗೆ ಊಟ ಹಾಕಿದವರು ಯಾರು, ಅವರು ಈಗ ಹೇಗಿದ್ದಾರೆ? ನೀನು ಕಂಡ ಕಷ್ಟಕ್ಕೆ ಕಾರಣವಾದ ಯಾವ ನಿರ್ಧಾರದಲ್ಲಿ ನಿನಗೂ ನಿನ್ನ ಗುರುಮಠಕ್ಕೂ ಪಾಲಿದೆ? ಹೊರಡುವಾಗ ಕೊಟ್ಟ ಮಾತಿನಲ್ಲಿ ಎಷ್ಟು ಉಳಿದಿದೆ? ಆ ಪುಟಕ್ಕೆ ಅಂಕ ಕೊಡುವ ಮೊದಲು ವಿದ್ಯಾರ್ಥಿ ಉಳಿದುಕೊಂಡಿದ್ದ ಮನೆಯವರಿಗೆ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಅವರ ಮಾತನ್ನು ಕೇಳಿಕೊಂಡು ಬರಲಿ.